ಒಂದು ಹಲಗೆಯ ಒಪ್ಪಿಗೆ

ಎಗ್ಬರ್ಟ್ ಲಾನ್‌ಕಾಂಪನ ಆ ಶುಕ್ರವಾರವನ್ನು ಕೆಡಿಸಿದ್ದು ಒಂದು ಓಕ್ ಮರದ ಹಲಗೆ. ಅವನ ಹುಲ್ಲುಗಾವಲಿನ ತಗ್ಗಿನ ಅಂಚಿನಲ್ಲಿ ವೆಲ್ಲಿಂಗ್ ತೊರೆಗೆ ಅಡ್ಡಲಾಗಿ ಒಂದು ಸಣ್ಣ ಕಿಂಡಿ ಅಣೆಕಟ್ಟು ಇದೆ. ಕಿಂಡಿಯಲ್ಲಿ ಒಂದರ ಮೇಲೊಂದು ಹಲಗೆ ಇಳಿಬಿಟ್ಟು ನೀರು ನಿಲ್ಲಿಸುತ್ತಾರೆ. ತಕರಾರು ಇದ್ದದ್ದು ಎಲ್ಲಕ್ಕಿಂತ ಮೇಲಿನ ಹಲಗೆಯದು. ವಾರವಿಡೀ ಸುರಿದ ಮಳೆಗೆ ತೊರೆ ತುಂಬಿ, ನೀರು ಆ ಹಲಗೆಯ ನೆತ್ತಿ ಮುಟ್ಟಿ, ಹಿಂದಕ್ಕೆ ಸರಿದು ಹುಲ್ಲುಗಾವಲಿಗೆ ಮೆಲ್ಲಗೆ ಕಾಲಿಟ್ಟಿತ್ತು. ಬೆಳಿಗ್ಗೆ ಹಾಲು ಕರೆದು ಮುಗಿಸಿ ನೋಡಲು ಹೋದ ಎಗ್ಬರ್ಟನಿಗೆ, ಹಿಂದಿನ ದಿನವಷ್ಟೇ ಹಾಕಿಸಿದ ದೊಡ್ಡ ಬಿಳಿ ಡೇರೆಯ ಮೊದಲ ಗೂಟದ ಬುಡದಲ್ಲಿ ಒಂದು ಬಾತುಕೋಳಿ ಈಜುತ್ತಿರುವುದು ಕಂಡಿತು.

ಮರುದಿನ ಆ ಡೇರೆಯಲ್ಲಿ ಎಗ್ಬರ್ಟ್ ಮತ್ತು ಯೆನ್ನೆಕೆ ದಂಪತಿಯ ಮದುವೆಯ ಬೆಳ್ಳಿಹಬ್ಬ. ಯೆನ್ನೆಕೆಯ ತವರಿನ ಕಡೆಯವರು ಹಿಂಡುಗಟ್ಟಿ ಬರುವವರಿದ್ದರು. ಇಗರ್ಜಿಯ ಹಿಂದಿನ ಸಭಾಂಗಣ ಕೇಳೋಣ, ಅಲ್ಲಿ ಸೂರಾದರೂ ಇದೆ ಎಂದು ಅವಳು ಚಳಿಗಾಲದಿಂದ ಹೇಳುತ್ತಿದ್ದಳು. "ನಮ್ಮದೇ ಹುಲ್ಲುಗಾವಲು ಇರುವಾಗ ಊರವರ ಸೂರಿನಡಿ ಯಾಕೆ ಕೂರಬೇಕು? ಒಂದು ಕಾಲೂ ಒದ್ದೆಯಾಗದ ಹಾಗೆ ನಾನು ನೋಡ್ಕೋತೀನಿ" ಎಂದು ಎಗ್ಬರ್ಟ್ ಅವಳ ಮೂವರು ಅಕ್ಕಂದಿರ ಎದುರಿಗೇ ಎದೆ ತಟ್ಟಿ ಹೇಳಿಬಿಟ್ಟಿದ್ದ. ಗಂಡಸು ಹೆಂಡತಿಯ ಅಕ್ಕಂದಿರ ಮುಂದೆ ಕೊಟ್ಟ ಮಾತಿಗೆ ಕಲ್ಲಿನ ಮೇಲೆ ಕೆತ್ತಿದ ಶಾಸನಕ್ಕಿಂತ ಆಯುಷ್ಯ ಜಾಸ್ತಿ.

"ನೀರು ಡೇರೆಗೆ ಬಂತಂತೆ?" ಯೆನ್ನೆಕೆ ಅಡುಗೆಮನೆಯ ಕಿಟಕಿಯಿಂದ ಕೇಳಿದಳು.

"ಬಂದಿಲ್ಲ. ಬರೋ ಯೋಚನೆಯಲ್ಲಿದೆ. ಮೇಲಿನ ಹಲಗೆ ಒಂದು ಎತ್ತಿದ್ರೆ ರಾತ್ರಿಯೊಳಗೆ ಒಂದು ಗೇಣು ಇಳಿಯತ್ತೆ."

"ಎತ್ತು ಮತ್ತೆ. ಯಾರು ಕೈ ಹಿಡ್ಕೊಂಡಿದ್ದಾರೆ?"

"ಹಾಗೆಲ್ಲ ಎತ್ತಕ್ಕಾಗತ್ತೇನೇ? ಒಪ್ಪಂದ ಇಲ್ವಾ?"

"ಮಾಡಿಸಿದ್ದು ನೀನೇ ಅಲ್ವಾ, ಅನುಭವಿಸು" ಎಂದು ಅವಳು ಕಿಟಕಿ ಮುಚ್ಚಿದಳು.

ಅದೂ ನಿಜವೇ. ನಮ್ಮ ಕಣಿವೆಯಲ್ಲಿ ಸಾಲಾಗಿ ಮೂರು ಬೇಸಿಗೆ ಮಳೆ ಕೈಕೊಟ್ಟಾಗ, ಮೇಲಿನವರು ನೀರನ್ನು ಹಿಡಿದಿಟ್ಟುಕೊಂಡರು, ಕೆಳಗಿನವರು ಗುದ್ದಲಿ ಹಿಡಿದು ಬಂದರು. ಗುದ್ದಲಿ ಏಳುವ ಮುಂಚೆ ಹೇಗೋ ಎಲ್ಲರೂ ಕೂತು ಮಾತಾಡಿದರು. ತೊರೆ ಎಲ್ಲರದು ಎನ್ನಲು ಯಾರಿಗೂ ಕಷ್ಟವಾಗಲಿಲ್ಲ, ಹಲಗೆ ಮಾತ್ರ ಅವರವರದಾಗಿತ್ತು. ಮೇಲೆ ಒಬ್ಬ ಎತ್ತಿದರೆ ಕೆಳಗಿನವನ ಹೊಲ ಮುಳುಗುತ್ತದೆ, ಕೆಳಗೆ ಒಬ್ಬ ಇಳಿಸಿದರೆ ಮೇಲಿನವನ ಬೇರು ಕೊಳೆಯುತ್ತದೆ. ಆದ್ದರಿಂದ ತೊರೆಗೆ ಒಂದೊಂದು ಅಣೆ ಇರುವ ಐದು ಮನೆಯವರಲ್ಲಿ ಯಾರೇ ಹಲಗೆ ಮುಟ್ಟುವುದಾದರೂ ಉಳಿದ ನಾಲ್ವರ ಒಪ್ಪಿಗೆ ಪಡೆಯಬೇಕು ಎಂದಾಯಿತು. ಈ ಮಾತನ್ನು ಮೇಜು ಗುದ್ದಿ ಹೇಳಿದವನು ಎಗ್ಬರ್ಟ್. ಎರಡು ವರ್ಷದ ಹಿಂದೆ, ಮೇಲಿನ ಮನೆಯ ರೂಲೊಫ್ ಯಾರಿಗೂ ಹೇಳದೆ ಹಲಗೆ ಎತ್ತಿದ್ದಕ್ಕೆ ತುಂಬಿದ ಸಭೆಯಲ್ಲಿ ಅವನನ್ನು ನಿಲ್ಲಿಸಿ ಮುಖಕ್ಕೆ ಮಂಗಳಾರತಿ ಎತ್ತಿದವನೂ ಅವನೇ.

ಒಪ್ಪಿಗೆ ಕೇಳುವುದಕ್ಕೂ ಒಂದು ರೀತಿ ಇದೆ. ಫೋನಿನಲ್ಲಿ ಕೇಳುವಂತಿಲ್ಲ, ಬೇಲಿಯ ಆಚೆ ನಿಂತು ಕೂಗುವಂತಿಲ್ಲ. ಅವರ ಮನೆಗೇ ಹೋಗಿ, ಮೇಜಿನ ಮುಂದೆ ಕೂತು, ಕೊಟ್ಟ ಕಾಫಿ ಕುಡಿಯಬೇಕು. ಕಾಫಿಯ ಜೊತೆ ಒಂದು ಬಿಸ್ಕತ್ತು. ಅದನ್ನು ತೆಗೆದುಕೊಂಡ ಮೇಲೆ ಡಬ್ಬಿಯ ಮುಚ್ಚಳ ಮುಚ್ಚುತ್ತದೆ, ಮಾತು ತೆರೆಯುತ್ತದೆ. ಎಗ್ಬರ್ಟ್ ಒಗೆದ ಅಂಗಿ ಹಾಕಿಕೊಂಡು ಸೈಕಲ್ ಏರಿದ.

ಕಠಿಣವಾದದ್ದು ಮೊದಲು ಮುಗಿಯಲಿ ಎಂದು ರೂಲೊಫನ ಮನೆಗೇ ಹೋದ. ರೂಲೊಫ್ ಆಲೂಗಡ್ಡೆ ಬೆಳೆಯುವವನು. ಎರಡು ವರ್ಷದಿಂದ ಎಗ್ಬರ್ಟನನ್ನು ಕಂಡರೆ ಹವಾಮಾನದ ವಿಷಯ ಬಿಟ್ಟು ಬೇರೆ ಮಾತಾಡಿದವನಲ್ಲ.

"ಒಳ್ಳೆ ಮಳೆ" ಎಂದ ರೂಲೊಫ್.

"ಅದೇ ವಿಷಯಕ್ಕೆ ಬಂದೆ" ಎಂದು ಎಗ್ಬರ್ಟ್ ಬಿಸ್ಕತ್ತು ಕೈಯಲ್ಲಿ ಹಿಡಿದೇ ಎಲ್ಲ ಹೇಳಿಕೊಂಡ.

ರೂಲೊಫ್ ಕುರ್ಚಿಗೆ ಒರಗಿದ. ಅವನ ಮುಖದಲ್ಲಿ ಸೂರ್ಯೋದಯವಾಯಿತು. "ಓಹೋ. ಹಲಗೆ ಎತ್ತಬೇಕು. ಅವತ್ತು ಸಭೆಯಲ್ಲಿ ನನಗೆ ಏನಂದಿದ್ದೆ ನೀನು? ನೆನಪಿದೆಯಾ?"

"ಹಳೇದೆಲ್ಲ ಯಾಕೀಗ ಮಾರಾಯ."

"'ತೊರೆ ನಿಮ್ಮಪ್ಪನ ಮನೇದಲ್ಲ' ಅಂದಿದ್ದೆ. ಈಗ ನೀನು ಹೇಳು. 'ತೊರೆ ನಮ್ಮಪ್ಪನ ಮನೇದಲ್ಲ' ಅಂತ."

ಎಗ್ಬರ್ಟ್ ಕಾಫಿ ಕಪ್ಪಿನೊಳಗೆ ನೋಡಿಕೊಂಡು ಗೊಣಗಿದ. "ತೊರೆ ನಮ್ಮಪ್ಪನ ಮನೇದಲ್ಲ."

"ಏನಂದ್ರು? ನನಗೆ ಕೇಳಿಸ್ಲಿಲ್ಲ" ಎಂದು ಒಳಗಿನ ಕೋಣೆಯಿಂದ ರೂಲೊಫನ ಹೆಂಡತಿ ಕೂಗಿದಳು. ಎಗ್ಬರ್ಟ್ ಅದನ್ನೇ ಇನ್ನೊಮ್ಮೆ, ಸ್ಪಷ್ಟವಾಗಿ ಹೇಳಬೇಕಾಯಿತು. ಆಮೇಲೆ ರೂಲೊಫ್ ತಾನಾಗಿಯೇ ಡಬ್ಬಿ ತೆರೆದು ಎರಡನೆಯ ಬಿಸ್ಕತ್ತು ಕೊಟ್ಟ. ನಮ್ಮ ಕಣಿವೆಯಲ್ಲಿ ಅದು ಸಣ್ಣ ಮರ್ಯಾದೆಯಲ್ಲ.

"ಹಾಗಾದ್ರೆ ಸಂಜೆ ನಿನ್ನ ಕಡೆ ನೀರಿಗೆ ಜಾಗ ಆಗತ್ತೆ ಅನ್ನು."

"ಬೇಕಾದಷ್ಟು ಆಗತ್ತೆ."

"ಒಳ್ಳೇದು, ಒಳ್ಳೇದು" ಎಂದ ರೂಲೊಫ್ ಕಿಟಕಿಯಾಚೆ ತನ್ನ ಒದ್ದೆ ಆಲೂಗಡ್ಡೆ ಸಾಲುಗಳನ್ನು ನೋಡುತ್ತ. "ನನ್ನ ಒಪ್ಪಿಗೆ ಇದೆ. ಅಂದ ಹಾಗೆ, ನಾಳೆ ಬೆಳ್ಳಿಹಬ್ಬವಂತೆ. ನಮಗೆ ಕರೆಯೇ ಬರಲಿಲ್ಲವಲ್ಲ?"

ಎಗ್ಬರ್ಟ್ ಕಚ್ಚಿದ ಬಿಸ್ಕತ್ತನ್ನು ತಟ್ಟೆಗೆ ಇಳಿಸಿದ. ಹೆಂಡತಿಯ ಕಡೆಯವರಿಗೇ ಡೇರೆ ಸಾಲದೆಂದು ಅವನು ತೊರೆಯ ನೆರೆಯವರನ್ನು ಯಾರನ್ನೂ ಕರೆದಿರಲಿಲ್ಲ. "ಕರೆಯೋಕೇ ಬಂದದ್ದು!" ಎಂದ. "ಮಕ್ಕಳನ್ನೂ ಕರ್ಕೊಂಡು ಬನ್ನಿ. ಅತ್ತೆಯವರನ್ನೂ."

ಎರಡನೆಯದು, ಅದೂ ತೊರೆಯ ಮೇಲಿನ ಕಡೆಗೇ ಇರುವ, ಟ್ರೈನ್ಯೆಯ ದೋಸೆ ಅಂಗಡಿ. ಮೊಟ್ಟೆ, ಹಾಲು ಹಾಕಿದ ಅಗಲವಾದ ಸಿಹಿ ದೋಸೆ ತಿನ್ನಲು ಪೇಟೆಯಿಂದ ಸೈಕಲ್ ತುಳಿದು ಬರುವವರಿಗಾಗಿ ಅವಳು ತೊರೆಯ ದಂಡೆಯಲ್ಲಿ ಮೇಜುಗಳನ್ನು ಹಾಕಿದ್ದಳು. ಈಗ ಮೇಜಿನ ಕಾಲುಗಳು ಕೆಸರಲ್ಲಿ ಹೂತು ಹೋಗಿದ್ದವು. ಟ್ರೈನ್ಯೆ ಒಂದೇ ಸಮನೆ ಮಾತಾಡುವ ಹೆಂಗಸು. ಎಗ್ಬರ್ಟ್ ಬಂದ ಕಾರಣವನ್ನು ಬಾಯಿಬಿಟ್ಟು ಹೇಳುವ ಮೊದಲೇ ಅದು ಅವಳಿಗೆ ಗೊತ್ತಿತ್ತು.

"ರೂಲೊಫನ ಹೆಂಡ್ತಿ ಫೋನ್ ಮಾಡಿದ್ಲು. ನೀನು ಅವರ ಮನೇಲಿ ಅತ್ತುಬಿಟ್ಟೆಯಂತೆ?"

"ಅಳಲಿಲ್ಲ."

"ನಾಚ್ಕೋಬೇಡ ಬಿಡು, ಗಂಡಸರೂ ಅಳ್ತಾರೆ. ನನ್ನ ಒಪ್ಪಿಗೆ ಇದೆ. ನಿನ್ನ ಕಡೆ ಜಾಗ ಆಗತ್ತಂತೆ, ನನಗೂ ಒಳ್ಳೇದೇ. ನಾಳೆ ಎಷ್ಟು ಗಂಟೆಗೆ ಬರ್ಬೇಕು? ನಮ್ಮ ಕೆಲಸದ ಹುಡುಗಿಯರು ನಾಲ್ವರು. ಅವರನ್ನ ಬಿಟ್ಟು ನಾನೊಬ್ಬಳೇ ಬಂದ್ರೆ ಚೆನ್ನಾಗಿರಲ್ಲ."

ಎಗ್ಬರ್ಟ್ ನಾಲ್ವರನ್ನೂ ಕರೆದ. ಎರಡು ಕಪ್ ಕಾಫಿ ಅಲ್ಲಿ ಹೊಟ್ಟೆಗೆ ಸೇರಿದವು.

ತೊರೆಯ ತೀರಾ ಕೆಳಭಾಗಕ್ಕೆ ಇಳಿದು, ಸ್ಟ್ರಾಬೆರಿ ಬೆಳೆಯುವ ವುಬ್ಬೊನ ಮನೆಗೆ ಹೋದಾಗ ಮಧ್ಯಾಹ್ನ. ವುಬ್ಬೊ ಕಡಿಮೆ ಮಾತಿನವನು. ಹಣ್ಣು ಕೊಯ್ಲಿಗೆ ಬಂದಿತ್ತು, ಮಳೆಗೆ ಹೆದರಿ ನಿದ್ದೆಗೆಟ್ಟು ಕೆಂಪಗಾದ ಅವನ ಕಣ್ಣುಗಳೂ ಹಣ್ಣಿನಂತೆಯೇ ಇದ್ದವು. ಒಂದು ಕಪ್ ಕಾಫಿ ಮುಗಿಯುವಷ್ಟರಲ್ಲಿ ಎಗ್ಬರ್ಟ್ ಬಂದ ವಿಷಯವನ್ನೆಲ್ಲ ಹೇಳಿದ.

"ನೀನು ಬಿಟ್ಟ ನೀರು ನನ್ನ ಹೊಲಕ್ಕೆ ಬಂದ್ರೆ?" ಎಂದ ವುಬ್ಬೊ ಕೊನೆಗೆ.

"ಒಂದು ಹಲಗೆಯ ನೀರು ವುಬ್ಬೊ. ತೊರೆಯಲ್ಲೇ ಹರ್ಕೊಂಡು ಹೋಗತ್ತೆ. ನಮ್ಮ ನಮ್ಮದನ್ನೇ ನೋಡ್ಕೊಂಡ್ರೆ ಆಗತ್ತಾ? ತೊರೆ ಉಳೀಬೇಕಂದ್ರೆ ಎಲ್ಲರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡ್ಬೇಕು."

"ಎಷ್ಟು ಹೊತ್ತಿಗೆ ಎತ್ತೋದು?"

"ಆರಕ್ಕೆ."

"ಸರಿ" ಎಂದ ವುಬ್ಬೊ. ಬಾಗಿಲವರೆಗೆ ಬಂದು, ಎಗ್ಬರ್ಟ್ ಸೈಕಲ್ ಹತ್ತಿದ ಮೇಲೆ ಹೇಳಿದ. "ನಾಳೆ ನಾವು ಆರು ಜನ."

ಕೊನೆಗೆ ಉಳಿದದ್ದು ಎಗ್ಬರ್ಟನ ಹುಲ್ಲುಗಾವಲಿನ ಕೆಳಗೇ ಇರುವ ಗೇಸ್ಯೆ ಟೀಚರ ಮನೆ. ಎಗ್ಬರ್ಟನಿಗೆ ಮಗ್ಗಿ ಕಲಿಸಿದವರು. ನಿವೃತ್ತರಾದ ಮೇಲೆ ಮಕ್ಕಳ ಬದಲು ಕಪ್ಪೆಗಳನ್ನು ಸಾಕುತ್ತಿದ್ದರು. ಅವರ ಅಣೆಯ ಕೆಳಗೆ ತೊರೆಗೆ ಅಂಟಿಕೊಂಡ ಒಂದು ಕೊಳ, ಕೊಳದ ತುಂಬ ಗೊದಮೊಟ್ಟೆಗಳು.

"ಬೇಡ" ಎಂದರು ಟೀಚರ್, ಅವನು ಕೂರುವ ಮೊದಲೇ. "ನೀರು ಒಮ್ಮೆಲೇ ನುಗ್ಗಿದ್ರೆ ನನ್ನ ಮರಿಗಳೆಲ್ಲ ಕೊಚ್ಕೊಂಡು ಹೋಗ್ತಾವೆ. ಕಾಲು ಮೂಡೋ ಹೊತ್ತು ಕಣೋ ಇದು."

"ಟೀಚರ್, ಮೆಲ್ಲಗೆ ಬಿಡ್ತೀನಿ ಟೀಚರ್."

"ನೀನು ಯಾವತ್ತು ಮೆಲ್ಲಗೆ ಏನು ಮಾಡಿದ್ದೀಯ? ಒಂದು ಕೆಲಸ ಮಾಡು. ಅಲ್ಲಿ ತೊರೆ ಬಾಯಿಯ ಹತ್ತಿರ ಇರೋವನ್ನ ಬಲೆಯಲ್ಲಿ ಹಿಡಿದು ಕೊಳದ ಆ ಕಡೆ ಬಿಡು. ಆಮೇಲೆ ನೋಡೋಣ."

ಐವತ್ತು ದಾಟಿದ ಎಗ್ಬರ್ಟ್ ಒಗೆದ ಅಂಗಿಯ ತೋಳು ಮಡಿಸಿ, ಚಿಟ್ಟೆ ಹಿಡಿಯುವಂಥ ಬಲೆ ಹಿಡಿದು ಕೊಳದ ದಂಡೆಯಲ್ಲಿ ಕುಕ್ಕುರುಗಾಲಲ್ಲಿ ಕೂತ. ಬೆಳಗಿನಿಂದ ಕುಡಿದ ಕಾಫಿಯೆಲ್ಲ ಸೇರಿ ಅವನನ್ನು ಅವಸರಪಡಿಸುತ್ತಿತ್ತು. ಬಲೆ ನೀರಿಗೆ ಇಳಿಯುವ ಮೊದಲೇ ಮರಿಗಳು ಚದುರುತ್ತಿದ್ದವು. "ನಿಧಾನ, ಎಗ್ಬರ್ಟ್! ಭಾಗಾಕಾರ ಮಾಡೋವಾಗಲೂ ನಿನ್ನದು ಇದೇ ಅವಸರ!" ಎಂದು ಟೀಚರ್ ಹಿಂದಿನಿಂದ ಕೂಗಿದರು. ಅವನು ಬೆಚ್ಚಿ ತಿರುಗಿದ. ತಿರುಗಿದ್ದು ಸೊಂಟದ ಮೇಲಿನ ಭಾಗ ಮಾತ್ರ. ಕಾಲು ಜಾರಿ ಅವನು ಕೊಳಕ್ಕೆ ಬಿದ್ದ ರಭಸಕ್ಕೆ, ಆಚೆ ದಡಕ್ಕೆ ಹೋಗಬೇಕಿದ್ದ ಗೊದಮೊಟ್ಟೆಗಳೆಲ್ಲ ಅಲೆಯ ಜೊತೆ ತಾವಾಗಿಯೇ ಆಚೆ ದಡ ಸೇರಿದವು.

ಟೀಚರ್ ನೀರನ್ನು ದಿಟ್ಟಿಸಿ ನೋಡಿ, "ಹೂಂ. ಕೆಲಸ ಆಯ್ತು" ಎಂದರು. ತೀರಿಹೋದ ಗಂಡನ ಪ್ಯಾಂಟು ತಂದುಕೊಟ್ಟರು. ಆ ಪುಣ್ಯಾತ್ಮ ಎಗ್ಬರ್ಟನ ಎರಡರಷ್ಟಿದ್ದರು. ಸೊಂಟಕ್ಕೆ ಹುರಿಹಗ್ಗ ಬಿಗಿದುಕೊಂಡು ಎಗ್ಬರ್ಟ್ ಮೇಜಿನ ಮುಂದೆ ಕೂತು, ಕಣ್ಣು ಮುಚ್ಚಿ, ಇನ್ನೊಂದು ಕಪ್ ಕಾಫಿ ಕುಡಿದ.

"ಎಷ್ಟು ಗಂಟೆಗೆ ಎತ್ತೋದು? ಸುಮಾರಾಗಿ ಅಲ್ಲ, ಸರಿಯಾಗಿ ಹೇಳು."

"ಆರು ಗಂಟೆಗೆ ಟೀಚರ್."

"ಒಪ್ಪಿಗೆ. ನಾಳೆಗೆ ನಾನು ಸೇಬಿನ ಕೇಕು ತರ್ತೀನಿ. ನೀನು ಕರೆಯೋದು ಮರೆತಿದ್ದೀಯ ಅಂತ ನನಗೆ ಗೊತ್ತು."

ದಾರಿಯಲ್ಲಿ, ತೊರೆಯ ನೀರಿಗೆ ಅಳತೆಕೋಲು ಇಳಿಸಿ ನಿಂತಿದ್ದ ಫೆನ್ನಾ ಸಿಕ್ಕಳು. ಅವಳು ಜಲಮಂಡಳಿಯವಳು. ಮಳೆ ಹೆಚ್ಚಾದಾಗ ನೀರು ಕೂಡಿಟ್ಟು ಬೇಸಿಗೆಯಲ್ಲಿ ಬಿಡಲು ಕಣಿವೆಯಲ್ಲಿ ಒಂದು ತಗ್ಗು ಜಾಗ ಕೊಡಿ ಎಂದು ವರ್ಷಗಳಿಂದ ಸಭೆ ಕರೆಯುತ್ತಿದ್ದಳು. ಬಹಳ ಒಳ್ಳೆಯ ಯೋಜನೆ ಎಂದು ಎಲ್ಲರೂ ತಲೆದೂಗುತ್ತಿದ್ದರು. ಯಾರ ಹೊಲದಲ್ಲಿ ಎಂದು ಕೇಳಿದ ಕೂಡಲೇ ಎಲ್ಲರಿಗೂ ಹಾಲು ಕರೆಯುವ ಹೊತ್ತಾಗಿಬಿಡುತ್ತಿತ್ತು.

"ನಾಲ್ವರೂ ಒಪ್ಪಿದ್ರಾ? ಈ ಕಣಿವೆಯಲ್ಲಾ?" ಫೆನ್ನಾ ಕೋಲು ಕೆಳಗಿಟ್ಟಳು. "ರೂಲೊಫ್ ಕೂಡಾ? ಆರು ಗಂಟೆಗೆ ನಾನೂ ಬರ್ತೀನಿ. ಇದನ್ನ ನನ್ನ ಕಣ್ಣಾರೆ ನೋಡ್ಬೇಕು."

ಆರಕ್ಕೆ ಸರಿಯಾಗಿ ಎಗ್ಬರ್ಟ್ ಅಣೆಯ ಮೇಲೆ ನಿಂತ. ಆಕಾಶ ತಿಳಿಯಾಗಿತ್ತು. ಡೇರೆಯ ಒಳಗೆ ಯೆನ್ನೆಕೆ ಬಾಡಿಗೆ ಕುರ್ಚಿಗಳಿಗೆ ರಿಬ್ಬನ್ ಕಟ್ಟುತ್ತಿದ್ದಳು. ನೆರೆಯವರು ಯಾಕೋ ಸ್ವಲ್ಪ ತಡವಾಗಿ, ಒಬ್ಬೊಬ್ಬರಾಗಿ ಬಂದರು. ಎಲ್ಲರ ರಬ್ಬರ್ ಬೂಟುಗಳೂ ಒದ್ದೆಯಾಗಿದ್ದವು, ಗೇಸ್ಯೆ ಟೀಚರ ಕೈಗೂ ಪಾಚಿ ಅಂಟಿತ್ತು. ಸಂತೋಷದಲ್ಲಿದ್ದ ಎಗ್ಬರ್ಟ್ ಅದನ್ನು ಗಮನಿಸಲಿಲ್ಲ. "ಇವತ್ತು ನಾವು ತೋರಿಸಿಕೊಟ್ವಿ" ಎಂದು ಭಾಷಣದ ಧಾಟಿಯಲ್ಲಿ ಹೇಳಿ, ಕೊಕ್ಕೆ ಸಿಕ್ಕಿಸಿ ಹಲಗೆ ಎಳೆದ. ಹಲಗೆ ಕಿರುಗುಟ್ಟುತ್ತ ಮೇಲೆ ಬಂತು. ನೀರು ಧುಮುಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಹುಲ್ಲುಗಾವಲಿನ ನೀರು ಒಂದು ಬೆರಳು ಇಳಿಯಿತು. ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಏರತೊಡಗಿತು.

"ಇದೇನಿದು?" ಎಂದ ಎಗ್ಬರ್ಟ್. ಮೊದಲ ಗೂಟ ಮುಳುಗಿತು, ಎರಡನೆಯದೂ ಮುಳುಗಿತು. ಡೇರೆಯೊಳಗಿಂದ ಯೆನ್ನೆಕೆಯ ಚೀರಾಟ ಕೇಳಿತು, ಹಿಂದೆಯೇ ಒಂದು ಕುರ್ಚಿ ರಿಬ್ಬನ್ ಸಮೇತ ತೇಲಿಕೊಂಡು ಹೊರಗೆ ಬಂತು. "ಮಳೆ ಇಲ್ಲ, ಏನಿಲ್ಲ, ಇಷ್ಟು ನೀರು ಎಲ್ಲಿಂದ ಬಂತು?"

ರೂಲೊಫ್ ತನ್ನ ಬೂಟಿನ ತುದಿ ನೋಡಿಕೊಂಡ. "ನಾನೂ ಒಂದು ಹಲಗೆ ಎತ್ತಿದೆ. ಒಂದೇ. ನಿನ್ನ ಕಡೆ ಬೇಕಾದಷ್ಟು ಜಾಗ ಆಗತ್ತೆ ಅಂದಿದ್ಯಲ್ಲ."

"ನಾನೂ ಒಂದೇ" ಎಂದಳು ಟ್ರೈನ್ಯೆ. "ಮೇಜುಗಳು ಕೊಳೀತಿದ್ವು."

"ಸರಿ, ಬಂದದ್ದು ಬಂತು. ಅದು ಕೆಳಗೆ ಹೋಗ್ಬೇಕಲ್ವಾ? ಯಾಕೆ ಹೋಗ್ತಿಲ್ಲ?"

ವುಬ್ಬೊ ಕೆಮ್ಮಿದ. "ನಾನು ಒಂದು ಹಲಗೆ ಇಳಿಸಿದೆ. ಹಣ್ಣು ಇದೆಯಲ್ಲ, ಮುನ್ನೆಚ್ಚರಿಕೆಗೆ."

"ನಿನ್ನದಕ್ಕೆ ಕೆಲಸವೇ ಇಲ್ಲ ವುಬ್ಬೊ, ನಿನ್ನ ಹತ್ರ ನೀರು ಬಂದೇ ಇಲ್ಲ" ಎಂದರು ಗೇಸ್ಯೆ ಟೀಚರ್ ಶಾಂತವಾಗಿ. "ನಾನು ಎರಡು ಇಳಿಸಿದ್ದೀನಿ. ಇವನು ಮೆಲ್ಲಗೆ ಬಿಡ್ತಾನೆ ಅಂದ್ರೆ ನಂಬೋಕಾಗತ್ತಾ?"

ಎಗ್ಬರ್ಟನಿಗೆ ಅಳು ಬಂತು. ಬೆಳಗಿನಿಂದ ಮನೆಮನೆಗೆ ಹೋಗಿ, ಯಾವ ಹೊತ್ತಿಗೆ ಎಂಬುದನ್ನೂ ಬಿಡದೆ, ತನ್ನ ಹುಲ್ಲುಗಾವಲು ಮುಳುಗಿಸುವ ಏರ್ಪಾಡನ್ನು ತಾನೇ ಅಚ್ಚುಕಟ್ಟಾಗಿ ಮಾಡಿಬಂದಿದ್ದ. "ಒಪ್ಪಂದ!" ಎಂದು ಕೂಗಿದ. "ಕೇಳದೆ ಯಾರೂ ಹಲಗೆ ಮುಟ್ಟೋ ಹಾಗಿಲ್ಲ!"

"ನೀನೇ ಬಂದು ಕೂತು ಮಾತಾಡಿದ್ಯಲ್ಲ" ಎಂದ ರೂಲೊಫ್. "ನಾನು ಅದೂ ಸೇರಿಸಿಯೇ ಒಪ್ಪಿಗೆ ಅಂದ್ಕೊಂಡೆ."

ಅಷ್ಟರಲ್ಲಿ ಫೆನ್ನಾ ಪ್ಯಾಂಟು ಮಡಿಸಿ ನೀರಿಗಿಳಿದಿದ್ದಳು. ಡೇರೆಯ ಸುತ್ತ ಅಲ್ಲಲ್ಲಿ ಕೋಲು ಊರಿ ಅಳೆಯುತ್ತ ಬಂದವಳ ಮುಖ ಹೊಳೆಯುತ್ತಿತ್ತು.

"ನಿಂತಿತು ನೋಡಿ! ಇನ್ನು ಏರಲ್ಲ. ಇಡೀ ಕಣಿವೆಯ ಹೆಚ್ಚಿನ ನೀರು ಇಲ್ಲೇ ನಿಂತಿದೆ. ರೂಲೊಫ್, ನಿನ್ನ ಆಲೂಗಡ್ಡೆ?"

"ಒಣಗ್ತಿದೆ."

"ಸ್ಟ್ರಾಬೆರಿ?"

"ಒಂದು ಹನಿ ಬಂದಿಲ್ಲ."

"ನಾನು ವರ್ಷಗಳಿಂದ ಹುಡುಕ್ತಿದ್ದ ಜಾಗ ಇದೇ. ಮಳೆ ಹೆಚ್ಚಾದಾಗ ಇಲ್ಲಿ ತುಂಬಿಸಿಡೋಣ, ಜುಲೈ ಆಗಸ್ಟಿನ ನಮ್ಮ ಕಡುಬೇಸಿಗೆಗೆ ಎಲ್ಲರಿಗೂ ಹಂಚೋಣ. ಯಾರ ಯಾರ ಒಪ್ಪಿಗೆ ಇದೆ?"

ನಾಲ್ಕು ಕೈಗಳು ಒಟ್ಟಿಗೆ ಎದ್ದವು. ನಮ್ಮ ಕಣಿವೆಯ ಇತಿಹಾಸದಲ್ಲಿ ಒಂದು ವಿಷಯಕ್ಕೆ ಇಷ್ಟು ಬೇಗ ಒಮ್ಮತ ಮೂಡಿದ್ದು ಅದೇ ಮೊದಲು.

"ಇದು ನನ್ನ ಜಾಗ! ನನ್ನನ್ನ ಕೇಳೋದು ಬೇಡ್ವಾ?"

"ಎಲ್ಲರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡ್ಬೇಕು" ಎಂದ ವುಬ್ಬೊ. ಅವನು ಒಂದೇ ದಿನದಲ್ಲಿ ಅಷ್ಟು ಮಾತಾಡಿದ್ದೇ ಹೆಚ್ಚು.

ಮೊಣಕಾಲವರೆಗೆ ಒದ್ದೆಯಾದ ಯೆನ್ನೆಕೆ ಡೇರೆಯಿಂದ ಹೊರಗೆ ಬಂದಳು. ನೀರನ್ನು ನೋಡಿದಳು, ನೆರೆಯವರನ್ನು ನೋಡಿದಳು, ಕೊನೆಗೆ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

"ಇದು ಯಾರ ಪ್ಯಾಂಟು?"

"ಯೆನ್ನೆಕೆ, ಇವರಿಗೆ ಹೇಳೇ. ನಮ್ಮ ಹುಲ್ಲುಗಾವಲು ಕೆರೆ ಮಾಡ್ತಾರಂತೆ."

ಯೆನ್ನೆಕೆ ಕೈ ಎತ್ತಿದಳು. "ಅರ್ಧ ನನ್ನ ಹೆಸರಲ್ಲಿದೆ. ನನ್ನ ಅರ್ಧಕ್ಕೆ ನನ್ನ ಒಪ್ಪಿಗೆ ಇದೆ."

"ಯಾವ ಅರ್ಧ?"

"ಮುಳುಗಿರೋ ಅರ್ಧ. ಇನ್ನು ಮೇಲೆ ಅಲ್ಲಿ ಊಟ ಹಾಕಿಸ್ತೀನಿ ಅನ್ನೋ ಮಾತು ನಿನ್ನ ಬಾಯಲ್ಲಿ ಬರಬಾರದು." ಅವಳು ಕಣ್ಣೊರೆಸಿಕೊಂಡಳು. ಸಿಟ್ಟಿಗಿಂತ ಅವಳಿಗೆ ದುಃಖವೇ ಹೆಚ್ಚಾಗಿತ್ತು. "ಈಗ ಹೇಳು. ನಾಳೆ ನನ್ನ ಅಕ್ಕಂದಿರನ್ನ ಎಲ್ಲಿ ಕೂರಿಸ್ತೀಯ?"

ಎಗ್ಬರ್ಟ್ ಸೊಂಟದ ಹಗ್ಗ ಬಿಗಿ ಮಾಡಿಕೊಂಡು, ದೈನ್ಯವೇ ಮೈವೆತ್ತಂತೆ ಸುತ್ತ ನೋಡಿದ. ಎದುರಿಗೆ ನಿಂತಿದ್ದ ನಾಲ್ವರ ಹೊಲ, ತೋಟ, ಅಂಗಳ ಎಲ್ಲವೂ ಈಗ ಅವನ ಕೃಪೆಯಿಂದ ಒಣಗಿದ್ದವು. "ಯಾರಾದ್ರೂ ಒಂದು ದಿನದ ಮಟ್ಟಿಗೆ ಡೇರೆ ಹಾಕೋಕೆ ಜಾಗ ಕೊಡ್ತೀರಾ?" ಎಂದ. "ಹೇಗೂ ನೀವೆಲ್ಲರೂ ಬರೋರೇ."

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕೊಡಬಾರದು ಅಂತೇನಿಲ್ಲ" ಎಂದ ರೂಲೊಫ್, ಸೈಕಲ್ ಹತ್ತುತ್ತ. "ಆದ್ರೆ ಇಂಥದ್ದನ್ನೆಲ್ಲ ಹೀಗೆ ನಿಂತಲ್ಲೇ ಹೇಳಕ್ಕಾಗಲ್ಲ ಮಾರಾಯ. ಮನೆಗೆ ಬಾ, ಕೂತು ಮಾತಾಡೋಣ. ಕಾಫಿ ಇಡಿಸ್ತೀನಿ."

"ನಮ್ಮನೆಗೂ ಬಾ" ಎಂದಳು ಟ್ರೈನ್ಯೆ.

"ನಮ್ಮಲ್ಲಿಗೂ" ಎಂದ ವುಬ್ಬೊ.

"ಬರೋವಾಗ ಪ್ಯಾಂಟು ತಗೊಂಡು ಬಾ" ಎಂದರು ಗೇಸ್ಯೆ ಟೀಚರ್.